ಹಕಲ್‌ಬೆರಿ ಫಿನ್ ಕಾದಂಬರಿಯಲ್ಲಿ ಮನುಷ್ಯನ ರೇಟು

ಮಾರ್ಕ್ ಟ್ವೇನ್ ಬರೆದ 'ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್' ಅಂದರೆ ಮಕ್ಕಳ ಪುಸ್ತಕ ಅಂತಲೇ ನಮ್ಮಲ್ಲಿ ತುಂಬಾ ಜನರ ನಂಬಿಕೆ. ಒಬ್ಬ ತುಂಟ ಹುಡುಗ, ಓಡಿಬಂದ ಗುಲಾಮ ಜಿಮ್, ಒಂದು ತೆಪ್ಪ, ಮಿಸಿಸಿಪ್ಪಿ ನದಿ. ನದಿ ಎಂದರೆ ಸ್ವಾತಂತ್ರ್ಯ, ದಡ ಎಂದರೆ ಸಮಾಜ ಎಂದು ವಿಮರ್ಶಕರು ಬರೆದೂ ಬರೆದೂ ಆ ಮಾತು ಗೈಡು ಪುಸ್ತಕದ ಉತ್ತರದ ಹಾಗೆ ಆಗಿಬಿಟ್ಟಿದೆ. ನನ್ನನ್ನು ಈ ಕಾದಂಬರಿಯಲ್ಲಿ ಕಾಡುವುದು ಬೇರೆಯೇ, ಅದು ದುಡ್ಡಿನ ಲೆಕ್ಕ.

ಕಥೆ ನಡೆಯುವುದು 1830-40ರ ದಶಕದಲ್ಲಿ, ಗುಲಾಮಗಿರಿ ಕಾನೂನುಬದ್ಧವಾಗಿದ್ದ ಮಿಸ್ಸೂರಿ ರಾಜ್ಯದಲ್ಲಿ. ಯಜಮಾನಿ ಮಿಸ್ ವಾಟ್ಸನ್ ತನ್ನನ್ನು 800 ಡಾಲರಿಗೆ ನ್ಯೂ ಆರ್ಲಿಯನ್ಸ್ ಕಡೆಗೆ ಮಾರುವ ಮಾತು ಕಿವಿಗೆ ಬಿದ್ದು ಜಿಮ್ ಓಡುತ್ತಾನೆ. ಆಮೇಲೆ ದ್ವೀಪದಲ್ಲಿ ಕುಳಿತು ಲೆಕ್ಕ ಹಾಕುತ್ತಾನೆ: ಈಗ ನನಗೆ ನಾನೇ ಒಡೆಯ, ನನ್ನ ಬೆಲೆ 800, ಅಂದಮೇಲೆ ನಾನು ಶ್ರೀಮಂತ, ಆ ದುಡ್ಡು ಕೈಲಿದ್ದಿದ್ದರೆ ಚೆನ್ನಾಗಿತ್ತು! ಓದುವಾಗ ನಗು ಬರುತ್ತದೆ. ಮನುಷ್ಯನೇ ಆಸ್ತಿ ಎನ್ನುವ ಕಾನೂನನ್ನು ಇದಕ್ಕಿಂತ ಚೆನ್ನಾಗಿ ಗೇಲಿ ಮಾಡಿದ್ದನ್ನು ನಾನಂತೂ ಓದಿಲ್ಲ.

ಇನ್ನು ನಲವತ್ತು ಡಾಲರ್ ವಿಷಯ. ಗುಲಾಮರನ್ನು ಹುಡುಕುತ್ತಾ ಬಂದ ಇಬ್ಬರಿಗೆ, ತೆಪ್ಪದಲ್ಲಿ ಸಿಡುಬಿನ ರೋಗಿ ಇದ್ದಾನೆ ಎಂಬ ಅನುಮಾನ ಬರುವ ಹಾಗೆ ಹಕ್ ಮಾತಾಡುತ್ತಾನೆ. ಅವರು ಹತ್ತಿರ ಬರದೆ ಹಲಗೆಯ ಮೇಲೆ ತಲಾ 20 ಡಾಲರಿನ ಚಿನ್ನದ ನಾಣ್ಯ ತೇಲಿಬಿಟ್ಟು ಹೋಗುತ್ತಾರೆ. ಮುಂದೆ 'ರಾಜ' ಎಂದು ಹೇಳಿಕೊಳ್ಳುವ ಠಕ್ಕ ಜಿಮ್‌ನನ್ನು ಮಾರಿಕೊಳ್ಳುವುದು 40 ಡಾಲರಿಗೆ. ಕೊನೆಯಲ್ಲಿ ಟಾಮ್ ಸಾಯರ್ ಜಿಮ್ ಕೈಗೆ ಇಡುವುದೂ 40, ತಾಳ್ಮೆಯಿಂದ ಕೈದಿಯ ಪಾತ್ರ ಮಾಡಿದ್ದಕ್ಕೆ! ಕರುಣೆಗೂ ನಲವತ್ತು, ದ್ರೋಹಕ್ಕೂ ನಲವತ್ತು, ಪಶ್ಚಾತ್ತಾಪಕ್ಕೂ ನಲವತ್ತು. ನನ್ನ ಓದಿನಲ್ಲಿ ನದಿಗಿಂತ ದೊಡ್ಡ ಸಂಕೇತ ಇದೇ.

ಹಾಗಂತ ನದಿಯನ್ನು ಬಿಡುವಂತಿಲ್ಲ. ಅದು ಹರಿಯುವುದು ದಕ್ಷಿಣಕ್ಕೆ, ಗುಲಾಮರ ಸಂತೆಗಳ ಕಡೆಗೆ. ಇವರಿಬ್ಬರ ಯೋಜನೆ ಕೈರೋ ಊರಿನಲ್ಲಿ ಇಳಿದು, ಓಹಾಯೋ ನದಿಯ ಮೇಲೆ ಸ್ಟೀಮರಿನಲ್ಲಿ ಸ್ವತಂತ್ರ ರಾಜ್ಯಗಳಿಗೆ ಹೋಗುವುದು. ಮಂಜಿನಲ್ಲಿ ಕೈರೋ ತಪ್ಪಿಹೋಗುತ್ತದೆ. ಗೊತ್ತಾಗುವುದು ಹೇಗೆ ಅಂತೀರಾ? ಬೆಳಗಾದಾಗ ದಡದ ಪಕ್ಕ ಓಹಾಯೋದ ತಿಳಿನೀರು, ಆಚೆ ಮಿಸಿಸಿಪ್ಪಿಯ ಕೆಸರು ನೀರು. ಎರಡು ಬಣ್ಣದ ನೀರು ಒಟ್ಟಿಗೆ ಹರಿಯುತ್ತಿದೆ, ಅಂದರೆ ಸಂಗಮ ಹಿಂದೆ ಹೋಯಿತು. ನದಿಯಲ್ಲಿ ಪೈಲಟ್ ಆಗಿದ್ದವನಿಗೆ ಮಾತ್ರ ಹೊಳೆಯುವ ವಿವರ ಇದು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಜಾಗ. ಜಿಮ್ ಇರುವ ಠಾವನ್ನು ಮಿಸ್ ವಾಟ್ಸನ್‌ಗೆ ತಿಳಿಸುವ ಪತ್ರ ಬರೆದು ಹಕ್ ಅದನ್ನು ಹರಿದು ಹಾಕುತ್ತಾನೆ. ತಾನು ಒಳ್ಳೆಯದು ಮಾಡುತ್ತಿದ್ದೇನೆ ಅಂತಲ್ಲ, ನರಕಕ್ಕೆ ಹೋದರೂ ಸರಿ ಅಂತ. ಅವನಿಗೆ ಚರ್ಚು, ಶಾಲೆ, ಊರು ಎಲ್ಲ ಕಲಿಸಿದ್ದು ಇಷ್ಟೇ: ಗುಲಾಮ ತಪ್ಪಿಸಿಕೊಳ್ಳಲು ನೆರವಾಗುವುದು ಕಳ್ಳತನ. ಧರ್ಮವನ್ನೇ ಅವನು ಪಾಪ ಎಂದುಕೊಂಡಿದ್ದಾನೆ, ಆದರೂ ಮಾಡುತ್ತಾನೆ.

ಈಗ ಇತಿಹಾಸ. ಗುಲಾಮಗಿರಿ 1865ರಲ್ಲೇ ಸಂವಿಧಾನದ 13ನೇ ತಿದ್ದುಪಡಿಯಿಂದ ಹೋಗಿತ್ತು. ಟ್ವೇನ್ ಬರೆಯಲು ಕುಳಿತಿದ್ದು 1876ರಲ್ಲಿ. ಸತ್ತುಹೋದ ಪದ್ಧತಿಯ ಬಗ್ಗೆ ಅಷ್ಟು ಕೋಪ ಯಾಕೆ? ಯಾಕೆಂದರೆ ಅದು ಸತ್ತಿರಲಿಲ್ಲ. 1877ರಲ್ಲಿ ದಕ್ಷಿಣದ ಕರಿಯರ ಬೆಂಬಲಕ್ಕಿದ್ದ ಕೇಂದ್ರದ ಸೇನೆ ಹಿಂದೆ ಸರಿಯಿತು. ಸಾಲ, ಪಾಲುಗಾರಿಕೆ, ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಎಲ್ಲ ಸೇರಿ ಬಿಡುಗಡೆಯಾದವರನ್ನು ಮತ್ತೆ ಕಟ್ಟಿಹಾಕಿದವು. 1883ರಲ್ಲಿ, ಕಾದಂಬರಿ ಮುಗಿದ ವರ್ಷವೇ, 1875ರ ನಾಗರಿಕ ಹಕ್ಕು ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು.

ಇದನ್ನು ಮನಸ್ಸಿನಲ್ಲಿಟ್ಟು ಕೊನೆಯ ಅಧ್ಯಾಯಗಳನ್ನು ಓದಿ. ಗುಡಿಸಲಲ್ಲಿ ಕೂಡಿಹಾಕಿದ ಜಿಮ್‌ನನ್ನು ಬಿಡಿಸಲು ಟಾಮ್ ಇಲಿ, ಹಾವು, ಜೇಡ ಎಲ್ಲ ತರಿಸಿ ನಾಟಕ ಆಡುತ್ತಾನೆ. ಅಷ್ಟರಲ್ಲಾಗಲೇ ಮಿಸ್ ವಾಟ್ಸನ್ ಸತ್ತು ಎರಡು ತಿಂಗಳು. ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿಟ್ಟಿದ್ದಾಳೆ. ಟಾಮ್‌ಗೆ ಅದು ಗೊತ್ತು! ಈ ಭಾಗ ಬರೀ ಮೋಸ ಅಂತ ಹೆಮಿಂಗ್ವೇ 1935ರಲ್ಲಿ ಬೈದ. ಓದಲು ಬೇಸರ ಅನ್ನುವುದು ನಿಜ, ನಾನೂ ಪುಟ ಹಾರಿಸಿದ್ದುಂಟು. ಆದರೆ ಕಾಗದದ ಮೇಲೆ ಸ್ವತಂತ್ರನಾದವನು ಸರಪಳಿಯಲ್ಲಿ ಕೂತಿರುವುದು, ಗೊತ್ತಿದ್ದೂ ಬಿಳಿಯ ಹುಡುಗ ಆಟ ಆಡುವುದು, ಇದು 1880ರ ದಶಕದ ಅಮೆರಿಕವಲ್ಲದೆ ಮತ್ತೇನು?

ಪುಸ್ತಕ ಅಮೆರಿಕದಲ್ಲಿ ಹೊರಬಂದಿದ್ದು 1885ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ಕಾಂಕರ್ಡ್ ಊರಿನ ಲೈಬ್ರರಿ ಒರಟು ಪುಸ್ತಕವೆಂದು ಹೊರಗಿಟ್ಟಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಬರುವ ಜನಾಂಗ ನಿಂದನೆಯ ಪದದ ಜಗಳ ನಂತರದ್ದು. 2024ರಲ್ಲಿ ಪರ್ಸಿವಲ್ ಎವರೆಟ್ ಇದೇ ಕಥೆಯನ್ನು ಜಿಮ್ ಬಾಯಲ್ಲಿ ಹೇಳಿಸಿ 'ಜೇಮ್ಸ್' ಬರೆದ. 2025ರಲ್ಲಿ ಪುಲಿಟ್ಜರ್ ಬಂತು.

ನಮ್ಮ ಮುಂಬೈಗೂ ಇದಕ್ಕೂ ಒಂದು ಎಳೆ ಇದೆ. ಟ್ವೇನ್‌ನ ಸ್ವಂತ ಪ್ರಕಾಶನ 1894ರಲ್ಲಿ ದಿವಾಳಿಯಾಗಿ, ಸಾಲ ತೀರಿಸಲು ಭಾಷಣ ಮಾಡುತ್ತಾ ಅವನು 1896ರ ಜನವರಿಯಲ್ಲಿ ಇಲ್ಲಿಗೆ ಬಂದ. ಇಳಿದುಕೊಂಡಿದ್ದು ಕಾಲಾ ಘೋಡಾದ ವಾಟ್ಸನ್ಸ್ ಹೋಟೆಲಿನಲ್ಲಿ (ಹೆಸರು ನೋಡಿ!). ಅಲ್ಲಿ ಜರ್ಮನ್‌ನೊಬ್ಬ ಏನೂ ಹೇಳದೆ ಕೇಳದೆ ಕೆಲಸದವನ ದವಡೆಗೆ ಬಾರಿಸಿದ. ಕೆಲಸದವನು ತುಟಿಪಿಟಕ್ಕೆನ್ನಲಿಲ್ಲ. ಐವತ್ತು ವರ್ಷದಿಂದ ಇಂಥದ್ದು ನೋಡಿರಲಿಲ್ಲ ಎಂದು ಟ್ವೇನ್ 1897ರ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಆ ಪೆಟ್ಟು ನೋಡಿ ಅವನಿಗೆ ನೆನಪಾಗಿದ್ದು ಬಾಲ್ಯ: ಮನೆಯ ಗುಲಾಮ ಹುಡುಗನಿಗೆ ಸಣ್ಣ ತಪ್ಪಿಗೂ ಹೊಡೆಯುತ್ತಿದ್ದ ಅಪ್ಪ, ಹತ್ತು ವರ್ಷದವನಿದ್ದಾಗ ಕಣ್ಣೆದುರೇ ಒಬ್ಬ ಅದಿರಿನ ಗಟ್ಟಿ ಎಸೆದು ತನ್ನ ಗುಲಾಮನನ್ನು ಕೊಂದಿದ್ದು. ಕೊಲ್ಲುವ ಹಕ್ಕು ಯಜಮಾನನಿಗಿದೆ ಎಂದೇ ಆ ಹುಡುಗ ನಂಬಿದ್ದ. ಆದರೂ ಏನೋ ತಪ್ಪು ಅನಿಸಿತ್ತು, ಯಾಕೆ ಅಂತ ಹೇಳಲು ಬಂದಿರಲಿಲ್ಲ.