ಕ್ಯಾಡಿಸ್ ನೊಣ

ಕ್ಯಾಡಿಸ್ ನೊಣವು ಟ್ರೈಕಾಪ್ಟೆರಾ ಗಣಕ್ಕೆ ಸೇರಿದ ಕೀಟ. ಹೆಸರಿನಲ್ಲಿ ನೊಣವಿದ್ದರೂ ಇದು ನೊಣಗಳ ಗಣಕ್ಕೆ ಸೇರಿದುದಲ್ಲ. ಚಿಟ್ಟೆ ಮತ್ತು ಪತಂಗಗಳಿಗೆ ಹತ್ತಿರದ ಸಂಬಂಧಿ. ಚಿಟ್ಟೆಯ ರೆಕ್ಕೆಗಳ ಮೇಲೆ ಹುರುಪೆಗಳಿರುವಂತೆ ಇದರ ರೆಕ್ಕೆಗಳ ಮೇಲೆ ಸೂಕ್ಷ್ಮ ರೋಮಗಳಿರುತ್ತವೆ. ಗ್ರೀಕ್ ಮೂಲದ ಗಣನಾಮದ ಅರ್ಥವೂ ‘ರೋಮದ ರೆಕ್ಕೆ’ ಎಂದೇ. ಅಂಟಾರ್ಕ್ಟಿಕವನ್ನುಳಿದು ಎಲ್ಲ ಖಂಡಗಳಲ್ಲಿಯೂ ಹರಡಿರುವ ಈ ಗಣದಲ್ಲಿ 16,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಪಶ್ಚಿಮ ಘಟ್ಟಗಳ ತೊರೆಗಳಲ್ಲಿಯೂ ಇವು ವಾಸಿಸುತ್ತವೆ. ಪ್ರೌಢಕೀಟ ಮಂಕು ಕಂದುಬಣ್ಣದ್ದು, ನೋಟಕ್ಕೆ ಸಾಧಾರಣ. ಸ್ವಾರಸ್ಯವೆಲ್ಲ ಇರುವುದು ನೀರಿನಲ್ಲಿ ಬೆಳೆಯುವ ಅದರ ಡಿಂಭದಲ್ಲಿ.

ಗೂಡಿನ ರಚನೆ

ಡಿಂಭದ ಕೆಳದುಟಿಯ ಬಳಿ ತೆರೆಯುವ ಗ್ರಂಥಿಗಳಿಂದ ರೇಷ್ಮೆಯ ಎಳೆ ಹೊರಬರುತ್ತದೆ. ರೇಷ್ಮೆಹುಳುವಿನ ನೂಲಿಗೆ ಇಲ್ಲದ ಗುಣವೊಂದು ಇದಕ್ಕಿದೆ: ನೀರಿನೊಳಗೇ ಒದ್ದೆ ಕಲ್ಲಿಗೆ ಭದ್ರವಾಗಿ ಅಂಟುತ್ತದೆ. ಎಳೆಯಲ್ಲಿರುವ ಫಾಸ್ಫೇಟ್ ಗುಂಪುಗಳು ಕ್ಯಾಲ್ಸಿಯಂನೊಡನೆ ಬೆಸೆದುಕೊಳ್ಳುವುದು ಈ ಎಳೆಯ ಬಲಕ್ಕೆ ಮುಖ್ಯ ಕಾರಣ. ಶರೀರದ ಒದ್ದೆ ಅಂಗಾಂಶಗಳನ್ನು ಕೂಡಿಸಬಲ್ಲ ಅಂಟನ್ನು ತಯಾರಿಸುವ ಆಸೆಯಿಂದ ವಿಜ್ಞಾನಿಗಳು ಇದನ್ನು ಅಭ್ಯಸಿಸುತ್ತಿದ್ದಾರೆ.

ಗಾರೆ ಕೆಲಸದವನು ಕಲ್ಲನ್ನು ತಿರುಗಿಸಿ ನೋಡಿ ಹೊಂದಿಸುವಂತೆ ಡಿಂಭವು ಮರಳ ಕಣವನ್ನು ಮುಂಗಾಲುಗಳಲ್ಲಿ ಹಿಡಿದು ತಿರುಗಿಸಿ, ಹೊಂದಿದರೆ ಅಂಟಿಸುತ್ತದೆ, ಇಲ್ಲವಾದರೆ ಬಿಟ್ಟುಬಿಡುತ್ತದೆ. ಹೀಗೆ ಸಿದ್ಧವಾಗುವ ಗೂಡು ಎರಡೂ ತುದಿ ತೆರೆದಿರುವ ಕೊಳವೆ. ಹೊಟ್ಟೆಯ ತುದಿಯ ಕೊಕ್ಕೆಗಳಿಂದ ಅದನ್ನು ಹಿಡಿದುಕೊಂಡು ಡಿಂಭವು ತಲೆ ಮತ್ತು ಕಾಲುಗಳನ್ನಷ್ಟೇ ಹೊರಚಾಚಿ ನಡೆಯುತ್ತದೆ. ಮೈ ಬೆಳೆದಂತೆ ಮುಂತುದಿಗೆ ಹೊಸ ಭಾಗವನ್ನು ಸೇರಿಸುತ್ತದೆ. ಜಾಲಿ ಮರಗಳಲ್ಲಿ ಕಡ್ಡಿಗಳ ಗೂಡನ್ನು ಹೊತ್ತು ತೂಗುವ ಹುಳುವನ್ನು ಕಂಡವರಿಗೆ ಇದರ ಕಲ್ಪನೆ ಸುಲಭವಾದೀತು. ಆದರೆ ಅದು ಪತಂಗದ ಮರಿ.

ಸಾಮಗ್ರಿಯೂ ಆಕಾರವೂ ಜಾತಿಯಿಂದ ಜಾತಿಗೆ ಬೇರೆ. ಕೆಲವು ಎಲೆಯನ್ನು ಕತ್ತರಿಸಿ ಜೋಡಿಸಿದರೆ ಕೆಲವು ಕಡ್ಡಿಗಳನ್ನು ಬಳಸುತ್ತವೆ. ಬ್ರಾಕಿಸೆಂಟ್ರಸ್ ಜಾತಿಯ ಹಲವು ಪ್ರಭೇದಗಳ ಗೂಡು ಚೌಕಾಕಾರದ್ದು. ಹೆಲಿಕೊಸೈಕೆ ಜಾತಿಯ ಮರಳಗೂಡು ಸುರುಳಿಯಾಗಿದ್ದು ಬಸವನಹುಳುವಿನ ಚಿಪ್ಪನ್ನೇ ಹೋಲುತ್ತದೆ. 1834ರಲ್ಲಿ ಅಮೆರಿಕದ ಐಸಾಕ್ ಲೀ ಅದನ್ನು ನಿಜವಾದ ಬಸವನಹುಳುವೆಂದೇ ವರ್ಣಿಸಿದ್ದನು. ಫ್ರೆಂಚ್ ಕಲಾವಿದ ಹ್ಯೂಬರ್ಟ್ ಡುಪ್ರಾ 1980ರ ದಶಕದಿಂದ ಡಿಂಭಗಳಿಗೆ ಚಿನ್ನದ ಚೂರು, ಮುತ್ತುಗಳನ್ನು ಒದಗಿಸಿ ಆಭರಣದಂಥ ಗೂಡುಗಳನ್ನು ಪಡೆದನು. ಹುಳುವಿಗೇನೋ ಚಿನ್ನವೂ ಮರಳೂ ಒಂದೇ.

ಗೂಡಿನ ಪ್ರಯೋಜನ ಬರಿಯ ರಕ್ಷಣೆಯಲ್ಲ. ಡಿಂಭವು ಹೊಟ್ಟೆಯನ್ನು ಅಲೆಯಂತೆ ಆಡಿಸಿದಾಗ ನೀರು ಕೊಳವೆಯ ಮೂಲಕ ಹರಿದು ಕಿವಿರುಗಳಿಗೆ ಆಮ್ಲಜನಕವನ್ನು ಒದಗಿಸುತ್ತದೆ. ಕೀಟಶಾಸ್ತ್ರಜ್ಞ ಜೀನ್ ಹೆನ್ರಿ ಫಾಬ್ರೆ ಇನ್ನೊಂದು ಉಪಾಯವನ್ನು ಕಂಡಿದ್ದನು: ನೀರುಜೀರುಂಡೆಗಳು ಗೂಡನ್ನು ಹರಿಯುವುದರಲ್ಲಿ ಮಗ್ನವಾಗಿರುವಾಗ ಡಿಂಭವು ಹೊರಕ್ಕೆ ನುಸುಳಿ ಪಾರಾಗುತ್ತಿತ್ತು.

ಎಲ್ಲ ಪ್ರಭೇದಗಳೂ ಹೊತ್ತೊಯ್ಯುವ ಗೂಡನ್ನು ಕಟ್ಟುವುದಿಲ್ಲ. ಹೈಡ್ರೊಸೈಕೆ ಕಲ್ಲುಗಳ ನಡುವೆ ಬಲೆ ನೇಯ್ದು ತೇಲಿಬರುವ ಆಹಾರವನ್ನು ಹಿಡಿಯುತ್ತದೆ.

ಜೀವನಚಕ್ರ

ಅನೇಕ ಪ್ರಭೇದಗಳು ಮೊಟ್ಟೆಗಳನ್ನು ಲೋಳೆಯ ಮುದ್ದೆಯಾಗಿ ಇಡುತ್ತವೆ. ಡಿಂಭವು ಸಾಮಾನ್ಯವಾಗಿ ಐದು ಹಂತಗಳಲ್ಲಿ ಬೆಳೆದು, ಗೂಡನ್ನು ಕಲ್ಲಿಗೆ ಅಂಟಿಸಿ, ಬಾಯಿಯನ್ನು ಮುಚ್ಚಿಕೊಂಡು ಕೋಶಾವಸ್ಥೆಗೆ ಸೇರುತ್ತದೆ. ಬಲಿತ ಕೋಶವು ದವಡೆಗಳಿಂದ ಮುಚ್ಚಳವನ್ನು ಕತ್ತರಿಸಿ ಈಜುತ್ತ ಮೇಲೆ ಬರುತ್ತದೆ. ರೆಕ್ಕೆ ಬಂದ ಕೀಟದ ಆಯುಸ್ಸು ಸಾಮಾನ್ಯವಾಗಿ ಕೆಲವು ವಾರಗಳು; ಅದು ದ್ರವಾಹಾರವನ್ನಷ್ಟೇ ಸೇವಿಸಬಲ್ಲದು.

ಪರಿಸರದಲ್ಲಿ ಸ್ಥಾನ

ಮರಗಳ ನೆರಳಿನಿಂದ ಮುಚ್ಚಿದ ತೊರೆಯಲ್ಲಿ ಪಾಚಿ ಬೆಳೆಯುವುದು ಕಡಿಮೆ. ಅಲ್ಲಿನ ಜೀವಿಗಳ ಮುಖ್ಯ ಆಹಾರ ಉದುರಿದ ಎಲೆ. ಎಲೆಯ ಮೇಲೆ ಶಿಲೀಂಧ್ರ ಬೆಳೆದು ಅದು ಮೆತ್ತಗಾದ ಬಳಿಕ ಗೂಡುಕಟ್ಟುವ ಹಲವು ಡಿಂಭಗಳು ಅದನ್ನು ಹರಿದು ತಿನ್ನುತ್ತವೆ. ಉಳಿದ ಚೂರುಗಳು ಕೆಳಪಾತ್ರದ ಬಲೆಗಾರ ಡಿಂಭಗಳಿಗೆ ಆಹಾರವಾಗುತ್ತವೆ. ಡಿಂಭಗಳನ್ನು ಮೀನುಗಳೂ, ಹಾರುವ ಕೀಟಗಳನ್ನು ಬಾವಲಿ, ಜೇಡ, ಹಕ್ಕಿಗಳೂ ತಿನ್ನುವುದರಿಂದ ಕಾಡಿನ ಎಲೆಯ ಸತ್ವ ನೀರಿಗಿಳಿದು ಮತ್ತೆ ಕಾಡಿಗೆ ಮರಳುತ್ತದೆ. ದಡದ ಮರಗಳನ್ನು ಕಡಿದಾಗ ಈ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ.

ಅನೇಕ ಪ್ರಭೇದಗಳು ಮಾಲಿನ್ಯವನ್ನು ಸಹಿಸಲಾರವು. ಆದ್ದರಿಂದ ಮೇಫ್ಲೈ, ಸ್ಟೋನ್‌ಫ್ಲೈಗಳ ಜೊತೆಗೆ ಇವುಗಳನ್ನೂ ಎಣಿಸಿ ನೀರಿನ ಗುಣಮಟ್ಟವನ್ನು ನಿರ್ಣಯಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಒಮ್ಮೆ ತೆಗೆದ ನೀರಿನ ಮಾದರಿ ಆ ಕ್ಷಣದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ತಿಂಗಳುಗಟ್ಟಲೆ ಅಲ್ಲಿಯೇ ಬಾಳಿದ ಡಿಂಭವು ಕಳೆದ ದಿನಗಳ ಸ್ಥಿತಿಯನ್ನೂ ಸೂಚಿಸುತ್ತದೆ. ಕೀಟನಾಶಕಗಳು, ಚರಂಡಿ ನೀರು, ಕಲ್ಲುಗಳ ಸಂದುಗಳನ್ನು ತುಂಬುವ ಹೂಳು ಇವಕ್ಕೆ ಮಾರಕ. ಜರ್ಮನಿಯ ರೈನ್ ನದಿಯಲ್ಲಿದ್ದ ಹೈಡ್ರೊಸೈಕೆ ಟೋಬಿಯಾಸಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಅನಂತರ ಕಂಡುಬಂದಿಲ್ಲ. ಅದನ್ನು ಅಳಿದುಹೋದ ಪ್ರಭೇದವೆಂದು ಪರಿಗಣಿಸಲಾಗಿದೆ.