ಅರಸರು ಅಡಿಗಲ್ಲಿಟ್ಟ ದೇವಾಲಯ

ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ ಸೀಮೆಯ ಕಥೋಲಿಕ ಧರ್ಮಕೇಂದ್ರಗಳು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದವು. ಆ ಧರ್ಮಕ್ಷೇತ್ರದ ಪ್ರಧಾನಾಲಯ ಮೈಸೂರಿನ ಸಂತ ಫಿಲೋಮಿನಾ ದೇವಾಲಯ. ಅದರ ಚರಿತ್ರೆ ಮೈಸೂರು ನಗರದವರಿಗೆ ಎಷ್ಟು ಸೇರಿದ್ದೋ ಈ ಗಡಿ ತಾಲ್ಲೂಕುಗಳ ನಮಗೂ ಅಷ್ಟೇ ಸೇರಿದ್ದು.

ಈ ನಾಡಿನ ಕ್ರೈಸ್ತ ಪರಂಪರೆ ಬ್ರಿಟಿಷರ ಆಳ್ವಿಕೆಗಿಂತ ಹಳೆಯದು. 17ನೇ ಶತಮಾನದ ನಡುಭಾಗದಲ್ಲೇ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ನಾಂದಿ ಹಾಡಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಜಪ ತಪಗಳ ಜತೆಗೆ ಸಿಡುಬಿನ ಲಸಿಕೆಯನ್ನೂ ಜನರಿಗೆ ತಲುಪಿಸಿದ ಅವರು 1823ರಲ್ಲಿ ತಾಯ್ನಾಡಿಗೆ ಮರಳಿದರು.

ಮೈಸೂರಿನಲ್ಲಿ ಈಗ ದೇವಾಲಯವಿರುವ ಜಾಗದಲ್ಲಿ ಮೊದಲ ಚರ್ಚನ್ನು ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು, 1843ರಲ್ಲಿ. ಆ ಕಾಲದ ಶಾಸನ ಇಂದಿನ ದೇವಾಲಯದಲ್ಲಿ ಉಳಿದುಬಂದಿದೆ. ಸಮಸ್ತ ಜೀವರಾಶಿಯನ್ನು ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರಿನಲ್ಲಿ, ಲೋಕಕ್ಕೆ ಬೆಳಕಾದ ಯೇಸುಕ್ರಿಸ್ತ ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ತರುವಾಯ ಈ ಆಲಯ ನಿರ್ಮಾಣವಾಯಿತೆಂದು ಅದು ಸಾರುತ್ತದೆ. ಚಾಮುಂಡೇಶ್ವರಿಯ ಭಕ್ತರಾದ ಅರಸರ ಕಾಲದ ಈ ಮಾತು ನಮ್ಮ ನೆಲದ ನಡವಳಿಕೆಗೆ ಸಾಕ್ಷಿ.

ಈಗಿನ ಕಟ್ಟಡದ ಕಥೆ ಶುರುವಾಗುವುದು 1926ರಲ್ಲಿ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷ ದೊರಕಿಸಿಕೊಂಡರು. ರೋಮಿನ ನೆಲಮಾಳಿಗೆ ಸಮಾಧಿಯೊಂದರಲ್ಲಿ 1802ರಲ್ಲಿ ಸಿಕ್ಕ ಮೂಳೆಗಳು ಈಕೆಯವೆಂಬುದು ಭಕ್ತರ ನಂಬಿಕೆ. ತಂಬೂಚೆಟ್ಟಿಯವರಿಂದ ಅವಶೇಷವನ್ನು ಪಡೆದ ಫಾದರ್ ಕೋಶೆ ಅವರು ಸಂತಳ ಹೆಸರಿನಲ್ಲಿ ದೇವಾಲಯ ಕಟ್ಟಲು ನೆರವು ಕೋರಿ ಅರಸರ ಬಳಿಗೆ ಹೋದರು. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ತಾವೇ ಅಡಿಗಲ್ಲಿಟ್ಟರು. ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಎರಡು ತಳಪಾಯಗಳ ಮೇಲೆ ಇದು ಭದ್ರವಾಗಿ ನಿಲ್ಲುತ್ತದೆಂಬುದು ಅಂದಿನ ಅವರ ಮಾತಿನ ಸಾರ.

ಫ್ರೆಂಚ್ ವಾಸ್ತುಶಿಲ್ಪಿ ಡೇಲಿ ನಕ್ಷೆ ಬರೆದರು. ಜರ್ಮನಿಯ ಕಲೋನ್ ಪ್ರಧಾನಾಲಯ ಮಾದರಿಯಾಯಿತು. ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ 1941ರ ವೇಳೆಗೆ ಕಟ್ಟಡ ಪೂರ್ಣಗೊಂಡಿತು. ಅದಕ್ಕೆ ಒಂದು ವರ್ಷ ಮುಂಚೆ, 1940ರಲ್ಲಿ, ಬೆಂಗಳೂರು ಮತ್ತು ಮೈಸೂರು ಬೇರೆ ಬೇರೆ ಧರ್ಮಕ್ಷೇತ್ರಗಳಾಗಿದ್ದವು.

ಮೇಲಿನಿಂದ ನೋಡಿದರೆ ಕಟ್ಟಡದ ತಳವಿನ್ಯಾಸ ಶಿಲುಬೆಯ ಆಕಾರದ್ದು. ಮುಂಭಾಗದ ಜೋಡಿ ಗೋಪುರಗಳ ಎತ್ತರ 175 ಅಡಿ. ಒಳಗೆ ಚೂಪು ಕಮಾನುಗಳು, ಎತ್ತರದ ಕಿಟಕಿಗಳಲ್ಲಿ ಬಣ್ಣದ ಗಾಜು. ಆ ಗಾಜಿನಲ್ಲಿ ಯೇಸುಸ್ವಾಮಿಯ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ. ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಕ್ಕಟ್ಟಾದ ಮೆಟ್ಟಿಲು ಇಳಿದರೆ ಮಲಗಿದ ಭಂಗಿಯ ಸಂತ ಫಿಲೋಮಿನಾಳ ಪ್ರತಿಮೆ. 1961ರಲ್ಲಿ ರೋಮ್ ಈ ಸಂತಳ ಹಬ್ಬವನ್ನು ಪೂಜಾ ಪಂಚಾಂಗದಿಂದ ಕೈಬಿಟ್ಟಿತು. ಆದರೂ ಹರಕೆ ಹೊತ್ತು ಬರುವವರು ಕಡಿಮೆಯಾಗಲಿಲ್ಲ. ಅವರಲ್ಲಿ ಎಲ್ಲ ಜಾತಿಮತದವರೂ ಇದ್ದಾರೆ.

ಕಲ್ಲು ಗಾರೆಯಷ್ಟೇ ದೇವಾಲಯವನ್ನು ಉಳಿಸುವುದಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚ್ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿತು. ಊರಿನವರು ಬೇರೆಡೆಗೆ ಹೋಗಬೇಕಾಯಿತು, ಬಲಿಪೂಜೆ ನಿಂತಿತು. ಈಗ ಮಾಡು ಕಳೆದುಕೊಂಡ ಗೋಡೆಗಳು ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತವೆ. ಮೈಸೂರಿನ ದೇವಾಲಯ ಇಂದಿಗೂ ಜೀವಂತವಾಗಿರುವುದು ದಿನವೂ ಅಲ್ಲಿ ಪೂಜೆಗೆ ಸೇರುವ, ಸೋರುವ ಕಡೆ ದುರಸ್ತಿ ಮಾಡಿಸುವ ಜನರಿಂದ.

ಅರಸರ, ಧರ್ಮಾಧ್ಯಕ್ಷರ ಹೆಸರುಗಳನ್ನು ಚರಿತ್ರೆಯ ಪುಸ್ತಕಗಳು ಕಾಪಾಡುತ್ತವೆ. ಸಾಮಾನ್ಯ ಭಕ್ತರ ಹೆಸರುಗಳು ಇರುವುದು ಆಯಾ ಧರ್ಮಕೇಂದ್ರದ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳಲ್ಲಿ. ನಮ್ಮ ಗಡಿ ತಾಲ್ಲೂಕುಗಳ ಸಣ್ಣ ಚರ್ಚುಗಳಲ್ಲೂ ಆ ಪುಸ್ತಕಗಳನ್ನು ಗೆದ್ದಲು, ತೇವಗಳಿಂದ ಕಾಪಾಡೋಣ. ಹಿರಿಯರು ಬದುಕಿರುವಾಗಲೇ ಅವರ ನೆನಪುಗಳನ್ನು ಕೇಳಿ ಬರೆದಿಡೋಣ. ಮುಂದೆ ಚರಿತ್ರೆ ಬರೆಯುವವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಅದು.