ಮಸಾಯಿ ಮಾರ ಸಫಾರಿ

ಮಸಾಯಿ ಮಾರ ಸಫಾರಿಯು ಪೂರ್ವ ಆಫ್ರಿಕಾದ ಕೀನ್ಯಾ ದೇಶದ ನೈಋತ್ಯ ಭಾಗದಲ್ಲಿರುವ ಮಸಾಯಿ ಮಾರ ರಾಷ್ಟ್ರೀಯ ಮೀಸಲು ಪ್ರದೇಶದಲ್ಲಿ ಕೈಗೊಳ್ಳುವ ವನ್ಯಜೀವಿ ವೀಕ್ಷಣಾ ಪ್ರವಾಸವಾಗಿದೆ. ನಾರೋಕ್ ಕೌಂಟಿಗೆ ಸೇರಿದ ಈ ಹುಲ್ಲುಗಾವಲಿನ ವಿಸ್ತೀರ್ಣ ಸುಮಾರು 1,510 ಚದರ ಕಿ.ಮೀ. ದಕ್ಷಿಣದಲ್ಲಿ ಇದು ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದೊಡನೆ ಬೇಲಿಯಿಲ್ಲದೆ ಕೂಡಿಕೊಂಡಿದೆ. ಮಸಾಯಿ ಜನಾಂಗ ಮತ್ತು ಮಾರ ನದಿಯಿಂದ ಇದಕ್ಕೆ ಈ ಹೆಸರು ಬಂದಿದೆ. ಮಸಾಯಿಗಳ ಮಾ ಭಾಷೆಯಲ್ಲಿ ‘ಮಾರ’ ಎಂದರೆ ಚುಕ್ಕೆಗಳುಳ್ಳದ್ದು ಎಂದರ್ಥ.

ಸೂಕ್ತ ಕಾಲ

ಪ್ರತಿವರ್ಷ ಮೇವು ಮತ್ತು ನೀರನ್ನು ಅರಸಿ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಜೀಬ್ರಾಗಳೊಡನೆ ಸೆರೆಂಗೆಟಿ–ಮಾರ ಬಯಲಿನಲ್ಲಿ ವಲಸೆ ಹೋಗುತ್ತವೆ. ಇವುಗಳ ದೊಡ್ಡ ಹಿಂಡುಗಳು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಮಾರದಲ್ಲಿರುತ್ತವೆ. ಮೊಸಳೆಗಳಿರುವ ಮಾರ ನದಿಯನ್ನು ಅವು ದಾಟುವ ದಿನವನ್ನು ಮುಂಚಿತವಾಗಿ ಹೇಳಲಾಗದು. ಸಿಂಹ, ಚಿರತೆ, ಚೀತಾ, ಆನೆ ಮತ್ತು ಜಿರಾಫೆಗಳು ವರ್ಷವಿಡೀ ಕಾಣಸಿಗುತ್ತವೆ. ಮಾರ್ಚ್‌ನಿಂದ ಮೇವರೆಗಿನ ದೀರ್ಘ ಮಳೆಗಾಲದಲ್ಲಿ ಮಣ್ಣಿನ ದಾರಿಗಳು ಕೆಸರಾಗುತ್ತವೆ. ಆದರೆ ಪ್ರವಾಸಿಗರ ದಟ್ಟಣೆ ಕಡಿಮೆಯಿರುತ್ತದೆ.

ಪ್ರಯಾಣದ ಸಿದ್ಧತೆ

ರಾಜಧಾನಿ ನೈರೋಬಿಯಿಂದ ರಸ್ತೆಯ ಮೂಲಕ 5ರಿಂದ 6 ಗಂಟೆಗಳಲ್ಲಿ ತಲುಪಬಹುದು. ಅಲ್ಲಿನ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನಗಳೂ ಹೋಗುತ್ತವೆ. ಇವುಗಳಲ್ಲಿ ಸಾಮಾನಿನ ತೂಕಕ್ಕೆ ಮಿತಿಯಿದೆ. ಮಲೇರಿಯಾ ತಡೆಗೆ ವೈದ್ಯರ ಸಲಹೆ ಅಗತ್ಯ. ಕೀನ್ಯಾದಿಂದ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಹೊಂದಿರಬೇಕು. ಇದು ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಸಿಂಧುವಾಗುವುದರಿಂದ ಹೊರಡುವ ಮುನ್ನವೇ ಲಸಿಕೆ ಪಡೆಯುವುದು ಸೂಕ್ತ. ಪ್ರಮಾಣಪತ್ರವಿಲ್ಲದವರನ್ನು ಕ್ವಾರಂಟೈನ್‌ನಲ್ಲಿ ಇರಿಸಲಾಗುತ್ತದೆ.

ನಿಯಮಗಳು ಮತ್ತು ಪರಿಣಾಮ

ಮೀಸಲು ಪ್ರದೇಶದೊಳಗೆ ದಾರಿ ಬಿಟ್ಟು ವಾಹನ ಓಡಿಸುವುದು ಮತ್ತು ರಾತ್ರಿ ಸಫಾರಿ ನಿಷಿದ್ಧ. ವಲಸೆಯ ತಿಂಗಳುಗಳಲ್ಲಿ ನದಿಯ ದಡದಲ್ಲಿ ವಾಹನಗಳು ಕಿಕ್ಕಿರಿದು ನಿಂತು ಪ್ರಾಣಿಗಳ ದಾರಿಗೆ ಅಡ್ಡವಾಗುವುದುಂಟು. ಪ್ರವಾಸಿಗರು ಹೆಚ್ಚಿರುವೆಡೆ ಚೀತಾಗಳು ಬೆಳೆಸುವ ಮರಿಗಳ ಸಂಖ್ಯೆ ಇತರೆಡೆಗಿಂತ ಬಹಳ ಕಡಿಮೆ ಎಂದು ಮಾರದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಆದುದರಿಂದ ಪ್ರಾಣಿಗಳಿಗೆ ತೀರ ಸಮೀಪ ಹೋಗುವಂತೆ ಚಾಲಕರನ್ನು ಒತ್ತಾಯಿಸದಿರುವುದು ಪ್ರವಾಸಿಗರ ಹೊಣೆಯೂ ಹೌದು.

ಮೀಸಲು ಪ್ರದೇಶದ ಸುತ್ತ ಮಾರ ನಾರ್ತ್, ನಬೊಯಿಶೊ ಮೊದಲಾದ ಸಮುದಾಯ ಸಂರಕ್ಷಿತ ಪ್ರದೇಶಗಳಿವೆ. ಇಲ್ಲಿ ಮಸಾಯಿ ಕುಟುಂಬಗಳು ತಮ್ಮ ಭೂಮಿಯನ್ನು ಗುತ್ತಿಗೆಗೆ ನೀಡಿ ಆದಾಯ ಪಡೆಯುತ್ತವೆ. ವಸತಿಗಳ ಸಂಖ್ಯೆಯನ್ನು ಮಿತಗೊಳಿಸಿರುವುದರಿಂದ ಇಲ್ಲಿ ವಾಹನಗಳು ವಿರಳ. ವೆಚ್ಚ ಮಾತ್ರ ಸಾಮಾನ್ಯವಾಗಿ ಹೆಚ್ಚು.